ಬೆರಳ ಸಂದಿಯ ತೇವ

ಮಳೆಯಲ್ಲಿ ಸುತ್ತಾಡಿ ಬಂದ ನಾಯಿಯನ್ನು ಬಾಗಿಲಲ್ಲೇ ತಡೆದು, ನಾಲ್ಕು ಕಾಲಿಗೂ ಒಂದೊಂದು ಚೊಂಬು ನೀರು ಸುರಿದು, ಕೆಸರು ಹೋಯಿತೆಂದು ಒಳಗೆ ಬಿಟ್ಟುಕೊಳ್ಳುವುದು ಹೆಚ್ಚಿನ ಮನೆಗಳ ಪದ್ಧತಿ. ನೆಲ ಕೊಳೆಯಾಗಬಾರದು ಎಂಬುದಷ್ಟೇ ಲೆಕ್ಕವಾದರೆ ಅಷ್ಟು ಸಾಕು. ನಾಯಿಯ ಕಾಲಿನ ಲೆಕ್ಕದಲ್ಲಿ ಅದು ಅರ್ಧ ಕೆಲಸ, ಎಷ್ಟೋ ಸಲ ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಕೆಸರು ಒಣಗಿದರೆ ತಾನಾಗಿ ಉದುರುತ್ತದೆ. ಬೆರಳ ಸಂದಿಯಲ್ಲಿ ನಿಂತ ನೀರು ಅಲ್ಲೇ ಉಳಿಯುತ್ತದೆ, ದೇಹದ ಬಿಸಿಗೆ ಬೆಚ್ಚಗಾಗುತ್ತದೆ, ಚರ್ಮವನ್ನು ಮೆತ್ತಗೆ ಮಾಡುತ್ತದೆ. ಗದ್ದೆಯಲ್ಲಿ ದಿನವಿಡೀ ನಿಂತವರ ಕಾಲ್ಬೆರಳ ಸಂದಿ ಕೆಸರುಹುಣ್ಣಾಗುವ ಹಾಗೆಯೇ ಇಲ್ಲೂ ಆಗುವುದು. ಒಂದೇ ವ್ಯತ್ಯಾಸವೆಂದರೆ, ನಾಯಿ ಆ ಜಾಗವನ್ನು ನೆಕ್ಕಿ ನೆಕ್ಕಿ ಇನ್ನಷ್ಟು ಒದ್ದೆ ಮಾಡಿಕೊಳ್ಳುತ್ತದೆ.

ಹಾಗಾಗಿ ನಾಯಿಯ ಕಾಲು ತೊಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಒರೆಸಲು ಏನಿಟ್ಟುಕೊಂಡಿದ್ದೀರಿ ಎಂದು ಮೊದಲು ಕೇಳಬೇಕು.

ಕಾಲನ್ನು ಒಮ್ಮೆ ಸರಿಯಾಗಿ ತಿರುಗಿಸಿ ನೋಡಿದರೆ ಇದು ಅರ್ಥವಾಗುತ್ತದೆ. ನಾಯಿ ನಡೆಯುವುದು ಬೆರಳುಗಳ ಮೇಲೆ. ಹಿಂಗಾಲಿನಲ್ಲಿ ಮಂಡಿ ಹಿಂದಕ್ಕೆ ಬಾಗಿದಂತೆ ಕಾಣುವ ಕೀಲು ನಿಜವಾಗಿ ಅದರ ಹಿಮ್ಮಡಿ. ಪ್ರತಿ ಪಾದದಲ್ಲಿ ನಾಲ್ಕು ಬೆರಳ ಮೆತ್ತೆ, ಅವುಗಳ ಹಿಂದೆ ಒಂದು ದೊಡ್ಡ ಮೆತ್ತೆ. ಮುಂಗಾಲಿನ ಮಣಿಕಟ್ಟಿನ ಹಿಂಭಾಗದಲ್ಲಿ ಇನ್ನೊಂದು ಚಿಕ್ಕ ಮೆತ್ತೆಯಿದೆ. ಓಟದಲ್ಲಿ ಸರಕ್ಕನೆ ನಿಲ್ಲುವಾಗ, ತಿರುಗುವಾಗ ಅದು ನೆಲಕ್ಕೆ ಉಜ್ಜುತ್ತದೆ. ಮುಂಗಾಲಿನ ಒಳಬದಿಯಲ್ಲಿ ನೆಲ ಮುಟ್ಟದ ಐದನೆಯ ಬೆರಳೂ ಇರುತ್ತದೆ. ಇದನ್ನು ಡ್ಯೂಕ್ಲಾ ಎನ್ನುತ್ತಾರೆ. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಇದು ಇರುವುದುಂಟು. ಮೆತ್ತೆಯ ಹೊರಪದರ ದೇಹದ ಚರ್ಮದಲ್ಲೆಲ್ಲ ಅತಿ ದಪ್ಪ, ಒಳಗೆ ಕೊಬ್ಬಿನ ಗಾದಿ. ಆದರೆ ಮೆತ್ತೆ ಮೆತ್ತೆಗಳ ನಡುವಿನ ಚರ್ಮ ಮಗುವಿನ ಕಂಕುಳಷ್ಟು ತೆಳು, ಮಡಿಕೆ ಮಡಿಕೆಯಾಗಿರುತ್ತದೆ, ಗಾಳಿ ಆಡುವುದಿಲ್ಲ. ಜೊತೆಗೆ ಬೆವರು ಗ್ರಂಥಿಗಳೂ ಇಲ್ಲೇ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದಾದರೂ, ನಮ್ಮ ಹಾಗೆ ನೀರು ಬೆವರು ಬರುವುದು ಮೆತ್ತೆಗಳಲ್ಲಿ. ಪಶು ಆಸ್ಪತ್ರೆಯ ಸ್ಟೀಲ್ ಮೇಜಿನ ಮೇಲೆ ಹೆದರಿದ ನಾಯಿ ಬಿಟ್ಟುಹೋಗುವ ಒದ್ದೆ ಹೆಜ್ಜೆಗುರುತು ಅದೇ ಬೆವರು. ಅಂದರೆ ನಾವು ನೀರು ಹಾಕುವ ಮೊದಲೇ ಅಲ್ಲಿ ತೇವ ಇರುತ್ತದೆ.

ತೊಳೆಯುವ ಕ್ರಮ ಸರಳ. ಕೈ ಹಿಡಿಸುವಷ್ಟು ಅಗಲ ಬಾಯಿಯ ಪ್ಲಾಸ್ಟಿಕ್ ಮಗ್‌ನಲ್ಲಿ ಅರ್ಧ ಲೀಟರ್ ನೀರು, ಮುಂಗೈಗೆ ಹಾಕಿಕೊಂಡರೆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಹದದಲ್ಲಿ. ಕಾಲಡಿಗೆ ರಬ್ಬರ್ ಮ್ಯಾಟ್ ಅಥವಾ ಒದ್ದೆ ಗೋಣಿಚೀಲ ಇರಲೇಬೇಕು. ಟೈಲ್ಸ್ ಮೇಲೆ ಮೂರು ಕಾಲಿನಲ್ಲಿ ನಿಲ್ಲಿಸಿದರೆ ನಾಯಿ ಜಾರುತ್ತದೆ, ಜಾರಿದ ನಾಯಿ ಮರುದಿನ ಮಗ್ ಕಂಡರೆ ಮಂಚದಡಿ ಸೇರುತ್ತದೆ. ಮುಂಗಾಲನ್ನು ಎತ್ತುವಾಗ ಮಣಿಕಟ್ಟಿನ ಹತ್ತಿರ ಹಿಡಿದು ಹಿಂದಕ್ಕೆ ಮಡಚಬೇಕು, ಲಾಳ ಹೊಡೆಯುವವರು ಕುದುರೆಯ ಕಾಲು ಮಡಚಿದ ಹಾಗೆ. ಪಕ್ಕಕ್ಕೆ ಎಳೆಯಲೇಬಾರದು. ನಾಯಿಯ ಭುಜ ನಮ್ಮದರಂತೆ ಪಕ್ಕಕ್ಕೆ ತೆರೆದುಕೊಳ್ಳುವುದಿಲ್ಲ, ಎಳೆದಷ್ಟೂ ನೋಯುತ್ತದೆ. ಕಾಲು ತೊಳೆಯಲು ಬಿಡದ ನಾಯಿ ಎಂದು ಹೆಸರು ಕೆಡಿಸಿಕೊಂಡ ಎಷ್ಟೋ ನಾಯಿಗಳ ತಕರಾರು ನೀರಿನ ಮೇಲಿನದಲ್ಲ, ಈ ಎಳೆತದ ಮೇಲಿನದು. ಹಿಂಗಾಲನ್ನು ಎತ್ತರಕ್ಕೆ ಎತ್ತದೆ, ನೆಲದಿಂದ ಒಂದು ಗೇಣು ಮೇಲೆ, ಹಿಂದಕ್ಕೆ ಚಾಚಿದಂತೆ ಹಿಡಿಯಬೇಕು. ಸೊಂಟ ನೋವಿರುವ ಮುದಿ ನಾಯಿಯಾದರೆ ನಿಲ್ಲಿಸುವ ಗೊಡವೆಯೇ ಬೇಡ. ಮಲಗಿಸಿ, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಕಾಲು ಒರೆಸಿದರಾಯಿತು.

ಪಾದವನ್ನು ಮಗ್‌ನಲ್ಲಿ ಮುಳುಗಿಸಿ, ನೀರಿನೊಳಗೇ ಬೆರಳುಗಳನ್ನು ನಿಮ್ಮ ಹೆಬ್ಬೆರಳಿಂದ ಬಿಡಿಸಿ ಹತ್ತು ಹದಿನೈದು ಸೆಕೆಂಡ್ ಅಲ್ಲಾಡಿಸಿದರೆ ಮಣ್ಣು ಬಿಡುತ್ತದೆ. ಉಜ್ಜುವುದು ಬೇಡ. ಎರಡು ಕಾಲಿಗೊಮ್ಮೆ ನೀರು ಬದಲಿಸಿ. ಮೂರನೆಯ ಕಾಲಿನ ಹೊತ್ತಿಗೆ ಮಗ್‌ನಲ್ಲಿರುವುದು ಕೆಸರು ಗಂಜಿ. ಉಗುರ ಬುಡದಲ್ಲಿ ಮಣ್ಣು ಕಟ್ಟಿದ್ದರೆ ಮಕ್ಕಳ ಮೃದು ಹಲ್ಲುಜ್ಜುವ ಬ್ರಷ್ ಸಾಕು.

ಆಮೇಲೆ ಒಣಗಿಸುವುದು. ತೊಳೆಯಲು ಒಂದು ನಿಮಿಷ ಹಿಡಿದರೆ ಇದಕ್ಕೆ ಮೂರು ನಿಮಿಷ ಕೊಡಬೇಕು. ಹಳೆಯ ಹತ್ತಿ ಪಂಚೆಯ ತುಂಡು ದಪ್ಪ ಟರ್ಕಿ ಟವೆಲ್‌ಗಿಂತ ಒಳ್ಳೆಯದು, ತೆಳುವಾಗಿ ಸಂದಿಯೊಳಗೆ ಹೋಗುತ್ತದೆ. ಮೊದಲು ಪಾದವನ್ನು ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದು ಅರ್ಧ ನಿಮಿಷ ಒತ್ತಿ. ಬಟ್ಟೆಯ ಒಣ ಭಾಗವನ್ನು ತೋರುಬೆರಳಿಗೆ ಸುತ್ತಿಕೊಂಡು ಮೇಲಿನಿಂದ ಮೂರು ಸಂದಿಗಳಿಗೂ ಇಳಿಸಿ. ಆಮೇಲೆ ಪಾದ ತಿರುಗಿಸಿ, ಬೆರಳ ಮೆತ್ತೆಗಳಿಗೂ ದೊಡ್ಡ ಮೆತ್ತೆಗೂ ನಡುವೆ ಇರುವ ಆಳದ ಗೆರೆಯನ್ನು ಒರೆಸಿ. ಹುಣ್ಣು ಮೊದಲು ಏಳುವುದು ಈ ಗೆರೆಯಲ್ಲೇ, ಕೈ ಹೋಗದೆ ಉಳಿಯುವುದೂ ಇದೇ ಜಾಗಕ್ಕೆ. ಉದ್ದ ಕೂದಲ ನಾಯಿಗೆ ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆ ಗಾಳಿಯಲ್ಲಿ, ಒಂದಡಿ ದೂರದಿಂದ. ಪೌಡರ್ ಹಾಕಿ ಒಣಗಿಸುವುದು ಬೇಡ. ತೇವಕ್ಕೆ ಅದು ಮುದ್ದೆ ಕಟ್ಟಿ ಸಂದಿಯಲ್ಲೇ ಕೂರುತ್ತದೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ಸೋಪಿನ ವಿಷಯಕ್ಕೆ ಬಂದರೆ, ದಿನನಿತ್ಯಕ್ಕೆ ಬರಿಯ ನೀರು ಸಾಕು. ಎಣ್ಣೆ, ಚರಂಡಿ ನೀರು, ಸಗಣಿ ಮೆತ್ತಿದ್ದರೆ ನಾಯಿಗೆಂದೇ ಮಾಡಿದ ಶಾಂಪೂ ಒಂದು ಟೀ ಚಮಚದಷ್ಟನ್ನು ಅರ್ಧ ಲೀಟರ್ ನೀರಿಗೆ ಬೆರೆಸಿ ತೊಳೆದು, ನಂತರ ಎರಡು ಸಲ ಬರಿ ನೀರಿನಲ್ಲಿ ಅದ್ದಿ ತೆಗೆಯಬೇಕು. ಸಂದಿಯಲ್ಲಿ ಉಳಿದ ಸೋಪು ಕೆರೆತ ತರುತ್ತದೆ. ನಾವು ಹಚ್ಚಿಕೊಳ್ಳುವ ಸೋಪು, ಪಾತ್ರೆ ತೊಳೆಯುವ ದ್ರಾವಣ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ, ಮೆತ್ತೆ ಬಿರಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಮನೆಯ ಮೂಲೆಯಲ್ಲಿರುವ ಬಾಟಲಿಗಳದ್ದು. ಕಾಲಿಗೆ ಹಚ್ಚಿದ್ದೆಲ್ಲ ಹತ್ತು ನಿಮಿಷದಲ್ಲಿ ನಾಯಿಯ ಬಾಯಿಗೆ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಯಾವುದು ಕೂಡದು ಎಂಬುದು ತಾನೇ ಹೊಳೆಯುತ್ತದೆ. ಫಿನಾಯಿಲ್, ಕ್ಲೋರೋಕ್ಸಿಲೆನಾಲ್ ಇರುವ ನಂಜುನಿರೋಧಕ, ಬ್ಲೀಚಿಂಗ್ ಪೌಡರ್, ಇವು ಚರ್ಮವನ್ನೂ ಸುಡುತ್ತವೆ, ಹೊಟ್ಟೆಯನ್ನೂ ಕೆಡಿಸುತ್ತವೆ. 2020ರ ಕೊರೋನಾ ದಿನಗಳಲ್ಲಿ ಭಯದಿಂದ ಸ್ಯಾನಿಟೈಸರ್‌ನಲ್ಲಿ ನಾಯಿಯ ಕಾಲು ಒರೆಸಿದವರಿದ್ದರು, ಹಾಗೆ ಮಾಡಬೇಡಿ ಎಂದು ಪಶುವೈದ್ಯರು ಹೇಳಬೇಕಾಗಿ ಬಂತು. ಆ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ಬಿಡಬೇಕು. ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಕಾಯಿಸಿ ಹಚ್ಚುವ ಮನೆಮದ್ದು ಮನುಷ್ಯರ ಮಟ್ಟಿಗಿರಲಿ. ಕರ್ಪೂರ ಚರ್ಮದ ಮೂಲಕವೂ ಒಳಗಿಳಿಯುತ್ತದೆ, ನಾಯಿಗೆ ವಿಷ. ನೆಲ ಒರೆಸಿದ ಫಿನಾಯಿಲ್ ಪೂರ್ತಿ ಆರುವ ಮುನ್ನ ಅದರ ಮೇಲೆ ನಾಯಿ ಓಡಾಡಿದರೂ ಅದೇ ಕತೆ. ಒರೆಸಿದ ಮೇಲೆ ಇನ್ನೊಮ್ಮೆ ಬರಿ ನೀರಿನಲ್ಲಿ ಒರೆಸುವುದು ಒಳ್ಳೆಯದು.

ನೆಲ ಬದಲಾದಂತೆ ಕಾಲಿನ ಕಷ್ಟವೂ ಬದಲಾಗುತ್ತದೆ. ವಿಜಯಪುರ, ಗದಗ, ಕೊಪ್ಪಳದ ಎರೆ ಭೂಮಿಯಲ್ಲಿ ಮಳೆ ಬಿದ್ದ ಮೇಲೆ ನಡೆದ ನಾಯಿಯ ಬೆರಳ ನಡುವೆ ಮಣ್ಣು ಉಂಡೆ ಕಟ್ಟುತ್ತದೆ. ಎರೆ ಮಣ್ಣು ಒಣಗಿದರೆ ಬಿಗಿದುಕೊಂಡು ಕಲ್ಲಿನ ಹಾಗಾಗುತ್ತದೆ, ಕೂದಲನ್ನೂ ಜೊತೆಗೆ ಹಿಡಿದುಕೊಂಡು ಪ್ರತಿ ಹೆಜ್ಜೆಗೂ ಎಳೆಯುತ್ತದೆ. ಅದನ್ನು ಕೈಯಿಂದ ಕೀಳಬೇಡಿ, ಕತ್ತರಿ ಹಾಕಬೇಡಿ. ಐದು ನಿಮಿಷ ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಜಾರಿ ಬರುತ್ತದೆ. ಬಯಲು ಸೀಮೆಯ ಒಣ ದಿನಗಳಲ್ಲಿ ನೆಗ್ಗಿಲು ಮುಳ್ಳು ಮತ್ತು ಬಳ್ಳಾರಿ ಜಾಲಿಯ ಮುಳ್ಳಿನ ಕಾಟ. ನೆಗ್ಗಿಲು ಮೆತ್ತೆಯ ಮೇಲೇ ಕೂರುವುದರಿಂದ ಕಣ್ಣಿಗೆ ಬೀಳುತ್ತದೆ. ಜಾಲಿ ಮುಳ್ಳು ಒಳಗೆ ಮುರಿದುಕೊಂಡು ನಾಲ್ಕು ದಿನದ ನಂತರ ಬಾವಾಗಿ ಕಾಣಿಸಿಕೊಳ್ಳುತ್ತದೆ. ತುದಿ ಹೊರಗೆ ಕಂಡರೆ ಚಿಮುಟದಲ್ಲಿ ಹಿಡಿದು ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಕಾಣದಿದ್ದರೆ ಸೂಜಿ ಹಾಕಿ ಬಗೆಯುವ ಸಾಹಸ ಬೇಡ, ಅದು ವೈದ್ಯರ ಕೆಲಸ. ಉತ್ತರಾಣಿಯ ಕಾಯಿ, ಹುಲ್ಲಿನ ಮೊನಚು ತೆನೆ ಇವು ಇನ್ನೂ ಮೋಸದವು. ಹುಲ್ಲುತೆನೆಯ ರಚನೆಯೇ ಮುಂದಕ್ಕೆ ಮಾತ್ರ ಚಲಿಸುವಂಥದ್ದು. ಒಮ್ಮೆ ಬೆರಳ ಸಂದಿಯ ಚರ್ಮ ಹೊಕ್ಕರೆ ಹೆಜ್ಜೆ ಹೆಜ್ಜೆಗೂ ಒಳಗೆ ಸರಿಯುತ್ತದೆ. ಒಂದೇ ಕಾಲಿನ ಒಂದೇ ಸಂದಿಯನ್ನು ನಾಯಿ ಬಿಡದೆ ನೆಕ್ಕುತ್ತಿದೆ, ಅಲ್ಲೊಂದು ಗುಳ್ಳೆ ಎದ್ದು ಒಡೆದು ಮತ್ತೆ ಏಳುತ್ತಿದೆ ಎಂದರೆ ಇದರ ಅನುಮಾನವಿರಲಿ.

ಮಲೆನಾಡಿನ ಮಳೆಗಾಲ ಎಂದರೆ ಇಂಬಳ. ಬೆರಳ ಸಂದಿಗೆ ಕೂತರೆ ಹೊರಗಿನಿಂದ ಗೊತ್ತೇ ಆಗದು. ನಮ್ಮ ಕಾಲಿಗೆ ಹತ್ತಿದಾಗ ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚುವ ರೂಢಿಯಿದೆ. ನಾಯಿಗೆ ಇವೆರಡೂ ಕೂಡದು: ಸುಣ್ಣ ಎಳೆ ಚರ್ಮವನ್ನು ಸುಡುತ್ತದೆ, ಹೊಗೆಸೊಪ್ಪು ನೆಕ್ಕಿದರೆ ನಿಕೋಟಿನ್ ಒಳಗೆ ಹೋಗುತ್ತದೆ. ಇಂಬಳದ ಸಪೂರ ತುದಿಯ ಪಕ್ಕ ಉಗುರು ಒತ್ತಿ, ಚರ್ಮಕ್ಕೆ ತಾಗಿದಂತೆ ಸರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಬೇಕು. ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ರಕ್ತ ಸ್ವಲ್ಪ ಹೊತ್ತು ಜಿನುಗುತ್ತಲೇ ಇರುತ್ತದೆ, ಗಾಬರಿಯಾಗದೆ ಬಟ್ಟೆ ಒತ್ತಿ ಹಿಡಿದರೆ ಸಾಕು. ಕರಾವಳಿಯಲ್ಲಿ ಮಳೆ ನೀರು ನಿಂತ ಜಾಗಗಳಲ್ಲಿ ಇಲಿಜ್ವರದ ರೋಗಾಣು ಲೆಪ್ಟೋಸ್ಪೈರಾ ಇರಬಹುದು. ಒಡೆದ ಮೆತ್ತೆಯ ಮೂಲಕ ಅದು ನಾಯಿಯೊಳಕ್ಕೂ, ಗಾಯವಿರುವ ಕೈಯ ಮೂಲಕ ನಮ್ಮೊಳಕ್ಕೂ ಹೋಗಬಲ್ಲದು. ಅಂಥ ನೀರು ತುಳಿದು ಬಂದ ಕಾಲನ್ನು ಕೈಗವಸು ಹಾಕಿಕೊಂಡೇ ತೊಳೆಯಿರಿ, ನಾಯಿಗೆ ವರ್ಷ ವರ್ಷದ ಲಸಿಕೆಯಲ್ಲಿ ಲೆಪ್ಟೋಸ್ಪೈರಾ ಸೇರಿದೆಯೇ ಎಂದು ಕೇಳಿಕೊಳ್ಳಿ.

ಬೆಂಗಳೂರಿನ ಬೀದಿಗಳ ಶತ್ರು ಬೇರೆ. ಎಲ್ಲೆಂದರಲ್ಲಿ ಕಟ್ಟಡ ಕೆಲಸ. ಹಸಿ ಸಿಮೆಂಟ್ ಕಡು ಕ್ಷಾರ, ಮೆತ್ತೆಯನ್ನು ನಿಧಾನವಾಗಿ ಸುಡುತ್ತದೆ, ಅದೂ ಮೊದಲ ಗಂಟೆಯಲ್ಲಿ ನೋವು ತೋರಿಸದೆ. ಹೊಸದಾಗಿ ಕಾಂಕ್ರೀಟ್ ಹಾಕಿದ ಜಾಗ ತುಳಿದರೆ ಅದು ಗಟ್ಟಿಯಾಗುವ ಮುನ್ನವೇ ಹರಿಯುವ ನಲ್ಲಿ ನೀರಿನಡಿ ಹದಿನೈದು ನಿಮಿಷ ಹಿಡಿಯಬೇಕು. ಈ ಒಂದು ಸಂದರ್ಭದಲ್ಲಿ ನೀರಿಗೆ ಜಿಪುಣತನ ಮಾಡಬಾರದು. ಡಾಂಬರು ಮೆತ್ತಿದರೆ ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬೇಡಿ. ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ, ಬೇಕಾದರೆ ಇನ್ನೊಮ್ಮೆ ಸವರಿ, ಕೊನೆಗೆ ಶಾಂಪೂ ನೀರಿನಲ್ಲಿ ತೊಳೆಯಿರಿ.

ಬೇಸಿಗೆಯದು ಸುಡುವ ನೆಲದ ಚಿಂತೆ. ಮಾರ್ಚ್‌ನಿಂದ ಮೇ ತನಕ ಬಿಸಿಲಿಗೆ ಬಿದ್ದ ಡಾಂಬರು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, 50 ಡಿಗ್ರಿ ಸೆಲ್ಸಿಯಸ್ ಸುಲಭವಾಗಿ ದಾಟುತ್ತದೆ. ಆ ಬಿಸಿಗೆ ಚರ್ಮ ಸುಡಲು ಒಂದು ನಿಮಿಷ ಸಾಕು. ಕಲಬುರಗಿ ಕಡೆಯ ಶಹಾಬಾದಿ ಕಲ್ಲಿನ ಅಂಗಳ, ಕಪ್ಪು ಕಡಪ ಕಲ್ಲು, ಮನೆಯ ತಾರಸಿ ಇವೂ ಕಮ್ಮಿಯಿಲ್ಲ. ಹೊರಡುವ ಮುನ್ನ ನಿಮ್ಮ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಇಟ್ಟುಕೊಳ್ಳಲಾಗದಿದ್ದರೆ ನಾಯಿಗೂ ಆಗದು. ಸಂಜೆ ಸೂರ್ಯ ಮುಳುಗಿದ ಕೂಡಲೇ ನೆಲ ತಣಿಯುವುದಿಲ್ಲ, ಡಾಂಬರಿಗೆ ಇನ್ನೂ ಒಂದೆರಡು ಗಂಟೆ ಬೇಕು. ಹಾಗಾಗಿ ಬೇಸಿಗೆಯ ತಿರುಗಾಟಕ್ಕೆ ಬೆಳಗ್ಗೆ ಏಳರ ಒಳಗಿನ ಹೊತ್ತೇ ಸರಿ. ಸುಟ್ಟರೆ ಮೆತ್ತೆಯ ಬಣ್ಣ ಗಾಢವಾಗುತ್ತದೆ, ಗುಳ್ಳೆ ಏಳುತ್ತದೆ, ಹಾಳೆಯಂತೆ ಸುಲಿದು ಬರುತ್ತದೆ. ತಣ್ಣೀರಿನಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಐಸ್ ಗಡ್ಡೆ ನೇರ ಇಡುವುದು, ಟೂತ್‌ಪೇಸ್ಟ್ ಬಳಿಯುವುದು ಎರಡೂ ತಪ್ಪು.

ದಿನವೂ ಕಾಲು ಮುಟ್ಟುವುದರಿಂದ ಸಿಗುವ ಲಾಭ ಶುಚಿತ್ವಕ್ಕಿಂತ ದೊಡ್ಡದು. ಹಾಗೆ ಮುಟ್ಟುವಾಗ ಕೈಗೆ ಸಿಗುವ ಮೊದಲ ಶತ್ರು ಉಣ್ಣೆ. ನಮ್ಮ ನಾಯಿಗಳಿಗೆ ಹತ್ತುವ ಕಂದು ಉಣ್ಣೆಗೆ ಕಿವಿ ಎಷ್ಟು ಇಷ್ಟವೋ ಬೆರಳ ಸಂದಿಯೂ ಅಷ್ಟೇ ಇಷ್ಟ. ಎರ್ಲಿಕಿಯಾ, ಬೆಬೀಸಿಯಾ ಎಂಬ, ಪ್ರಾಣ ತೆಗೆಯಬಲ್ಲ ಜ್ವರಗಳು ಬರುವುದು ಇದರಿಂದ. ಕಚ್ಚಿ ಕೆಲವೇ ಗಂಟೆಗಳಲ್ಲಿ ರೋಗ ದಾಟಬಲ್ಲದು, ಆದ್ದರಿಂದ ಭಾನುವಾರದ ಸ್ನಾನದವರೆಗೆ ಕಾಯುವಂತಿಲ್ಲ. ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ತಿರುಚದೆ ನೇರ ಎಳೆಯಿರಿ, ಸ್ಪಿರಿಟ್ ಹಾಕಿದ ಮುಚ್ಚಳದ ಸೀಸೆಗೆ ಹಾಕಿ. ಉಗುರಲ್ಲಿ ಕುಕ್ಕಿ ಒಡೆಯಬಾರದು, ಊದುಬತ್ತಿಯಲ್ಲಿ ಸುಡಬಾರದು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಕಾಡಿನ ಉಣ್ಣೆಯಿಂದ. ಆ ಕಾಯಿಲೆಯ ಕಾಲವಾದ ಡಿಸೆಂಬರ್‌ನಿಂದ ಮೇವರೆಗೆ ಕಾಡು ಹೊಕ್ಕು ಬಂದ ನಾಯಿಯ ಕಾಲನ್ನು ಮನೆಯ ಹೊರಗೇ, ಕೈಗವಸು ಹಾಕಿ ಪರೀಕ್ಷಿಸುವುದು ಮನೆಯವರ ಕ್ಷೇಮಕ್ಕೂ ಬೇಕು. ಉಣ್ಣೆ ತಡೆಯುವ ಮಾತ್ರೆ, ಹನಿ ಔಷಧಗಳನ್ನು ನಾಯಿಯ ತೂಕ ಹೇಳಿ ವೈದ್ಯರಿಂದಲೇ ಬರೆಸಿಕೊಳ್ಳಿ. ದನಕ್ಕೆ ತಂದ ಉಣ್ಣೆ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಿ ಕಳೆದುಕೊಂಡವರ ದುಃಖ ದೊಡ್ಡದು.

ಎರಡನೆಯದು ವಾಸನೆ. ನಾಯಿಯ ಕಾಲಿಗೆ ಹುರಿದ ಜೋಳದಂಥ ಒಂದು ಮೆಲು ವಾಸನೆ ಇದ್ದೇ ಇರುತ್ತದೆ. ಚರ್ಮದ ಮೇಲೆ ಸಹಜವಾಗಿರುವ ಬ್ಯಾಕ್ಟೀರಿಯಾಗಳದ್ದು ಅದು, ಚಿಂತೆಯಿಲ್ಲ. ಅದು ಹುಳಿ ಏರಿದ ದೋಸೆ ಹಿಟ್ಟಿನಂತಾದರೆ, ಬೆರಳ ಸಂದಿ ಕೆಂಪಗೆ ಜಿಡ್ಡುಜಿಡ್ಡಾದರೆ, ಉಗುರ ಬುಡದಲ್ಲಿ ಕಂದು ಮೇಣದಂಥದ್ದು ಕೂತಿದ್ದರೆ ಮಲಸೀಜಿಯಾ ಎಂಬ ಯೀಸ್ಟ್ ಬೆಳೆದಿದೆ ಎಂದು ತಿಳಿಯಬಹುದು. ಬಿಳಿ ನಾಯಿಯ ಕಾಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುವುದು ಎಂಜಲಿನಲ್ಲಿರುವ ಬಣ್ಣದಿಂದ. ನಾವು ನೋಡದ ಹೊತ್ತಿನಲ್ಲಿ ಅದು ಎಷ್ಟು ನೆಕ್ಕುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಎರಡೂ ಮುಂಗಾಲು ಸಮವಾಗಿ ನೆಕ್ಕುತ್ತಿದ್ದರೆ ಬಹುತೇಕ ಅಲರ್ಜಿ. ಪರಾಗ, ಧೂಳಿನ ಹುಳು, ಊಟದಲ್ಲಿನ ಯಾವುದೋ ಪ್ರೋಟೀನ್. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್ ಮನೆಯಲ್ಲಿರುವವರಿಗೆ ಇದು ಹಳೆಯ ಪರಿಚಯ. ಯೀಸ್ಟ್‌ಗೆ ಮದ್ದು ಹಾಕಿದರೆ ಯೀಸ್ಟ್ ಹೋಗುತ್ತದೆ, ಅಲರ್ಜಿ ಉಳಿದರೆ ತಿಂಗಳಲ್ಲಿ ಮತ್ತೆ ಬರುತ್ತದೆ. ಬೇಸರ, ಒಂಟಿತನ, ಕೀಲುನೋವಿಗೂ ನೆಕ್ಕುವ ನಾಯಿಗಳಿವೆ. ಕಾಲಿನಲ್ಲಿ ಏನೂ ಕಾಣದಿದ್ದಾಗ ಅದರ ದಿನಚರಿಯನ್ನೂ ಒಮ್ಮೆ ನೋಡಬೇಕು.

ಲಘುವಾಗಿ ಕೆಂಪಾದ, ಹುಣ್ಣಾಗದ ಕಾಲಿಗೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಬೆರೆಸಿದ ನೀರು ಒಳ್ಳೆಯದು. ಔಷಧದಂಗಡಿಯಲ್ಲಿ 5% ಮತ್ತು 10% ಎರಡೂ ಸಿಗುತ್ತವೆ, ಲೇಬಲ್ ಓದಿ. ಅರ್ಧ ಲೀಟರ್ ನೀರಿಗೆ 5% ಆದರೆ 10ರಿಂದ 15 ಮಿಲಿಲೀಟರ್, 10% ಆದರೆ ಅದರ ಅರ್ಧ. ನೀರು ಹಾಲು ಹಾಕದ ತಿಳಿ ಟೀ ಬಣ್ಣಕ್ಕೆ ಬರಬೇಕು. ಎರಡರಿಂದ ಐದು ನಿಮಿಷ ಕಾಲು ಮುಳುಗಿಸಿ, ಮತ್ತೆ ತೊಳೆಯದೆ ಒತ್ತಿ ಒರೆಸಿ. ದಿನಕ್ಕೊಮ್ಮೆ, ಐದಾರು ದಿನ. ಥೈರಾಯ್ಡ್ ತೊಂದರೆಯಿರುವ ನಾಯಿಗೆ ಇದು ಬೇಡ. ಗಾಢವಾಗಿ ಹಾಕಿದರೆ ಬೇಗ ವಾಸಿ ಎಂದು ಹೆಚ್ಚು ಸುರಿಯುವುದು ಸಾಮಾನ್ಯ ತಪ್ಪು, ಆ ಗಾಢತೆ ರೋಗಾಣುವಿನ ಜೊತೆ ವಾಸಿಯಾಗಬೇಕಾದ ಚರ್ಮದ ಕೋಶವನ್ನೂ ಕೊಲ್ಲುತ್ತದೆ. ಕ್ಲೋರ್‌ಹೆಕ್ಸಿಡೀನ್ ಎಂಬ ಇನ್ನೊಂದು ನಂಜುನಿರೋಧಕ ಬಳಸುವುದಾದರೆ ನೊರೆ ಬರುವ ಸ್ಕ್ರಬ್ ಬೇಡ, ಬರಿಯ ದ್ರಾವಣವಿರಲಿ: 4% ದ್ರಾವಣದ 5 ಮಿಲಿಲೀಟರ್ ಅನ್ನು 400 ಮಿಲಿಲೀಟರ್ ನೀರಿಗೆ. ವಾರದೊಳಗೆ ಕೆಂಪು ಇಳಿಯದಿದ್ದರೆ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಡೆಮೊಡೆಕ್ಸ್ ಎಂಬ ಹುಳು ಹೊರಗಿನಿಂದ ಥೇಟ್ ಯೀಸ್ಟ್‌ನಂತೆಯೇ ಕಾಣುತ್ತದೆ, ಮದ್ದು ಮಾತ್ರ ಪೂರಾ ಬೇರೆ.

ಕೂದಲು ಕತ್ತರಿಸುವುದರಲ್ಲಿ ಅತಿ ಉತ್ಸಾಹ ಕೆಡುಕು. ಶಿಟ್ಜು, ಲಾಸಾ, ಗೋಲ್ಡನ್, ಪಾಮೇರಿಯನ್‌ಗಳ ಮೆತ್ತೆಯ ನಡುವಿನ ಕೂದಲು ನೆಲ ಮುಟ್ಟುವಷ್ಟು ಬೆಳೆದರೆ ನಯವಾದ ಟೈಲ್ಸ್ ಮೇಲೆ ಜಾರುತ್ತದೆ, ತೇವ ಹಿಡಿಯುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ ದುಂಡು ತುದಿಯ ಕತ್ತರಿಯಲ್ಲಿ ಮೆತ್ತೆಯ ಮಟ್ಟಕ್ಕೆ ಸಮ ಮಾಡಿ. ಅಷ್ಟೇ. ಸಂದಿಯೊಳಗೆ ಕತ್ತರಿ ಹೊಗಿಸಿ ಬೋಳಿಸಿದರೆ ಮತ್ತೆ ಬರುವ ಮೋಟು ಕೂದಲು ಪಕ್ಕದ ಚರ್ಮವನ್ನೇ ಚುಚ್ಚುತ್ತದೆ. ಬುಲ್‌ಡಾಗ್, ಲ್ಯಾಬ್ರಡಾರ್‌ನಂಥ ಮೋಟು ಕೂದಲ ನಾಯಿಗಳಿಗೆ ಬೆರಳ ನಡುವೆ ನೇರಳೆ ಬಣ್ಣದ ಗಂಟು ಪದೇ ಪದೇ ಏಳುವುದಕ್ಕೂ ಇದೇ ಕಾರಣ: ಭಾರ ಬಿದ್ದಾಗ ಗಡುಸು ಕೂದಲು ಹಿಂದಕ್ಕೆ, ಚರ್ಮದೊಳಕ್ಕೆ ತಳ್ಳಿಕೊಳ್ಳುತ್ತದೆ. ತೂಕ ಹೆಚ್ಚಿದಷ್ಟೂ ಗಂಟು ಹೆಚ್ಚು. ಅದನ್ನು ಹಿಂಡಿದರೆ ಒಳಗೆ ಒಡೆದು ಪಕ್ಕದ ಸಂದಿಗೂ ಹರಡುತ್ತದೆ. ಕೂದಲು ನೋಡುವಾಗಲೇ ಬೆರಳಿಗೆ ದಾರ, ಗಾಳಿಪಟದ ಮಾಂಜಾ, ನಮ್ಮದೇ ಉದ್ದ ತಲೆಗೂದಲು ಸುತ್ತಿಕೊಂಡಿದೆಯೇ ನೋಡಿ. ಆಷಾಢದ ಗಾಳಿಯ ದಿನಗಳಲ್ಲಿ ಮೈದಾನಕ್ಕೆ ಹೋಗಿ ಬಂದ ನಾಯಿಯನ್ನಂತೂ ತಪ್ಪದೆ.

ಉಗುರಿಗೆ ಸರಳ ಪರೀಕ್ಷೆ ಕಿವಿಯದ್ದು. ನಡೆಯುವಾಗ ನೆಲದ ಮೇಲೆ ಟಕಟಕ ಸದ್ದು ಬಂದರೆ ಉದ್ದವಾಗಿದೆ. ಉದ್ದ ಉಗುರು ಬೆರಳನ್ನು ಮೇಲಕ್ಕೆ ತಳ್ಳಿ ಭಾರವನ್ನು ಹಿಂದಿನ ಮೆತ್ತೆಗೆ ಹಾಕುತ್ತದೆ, ಕಾಲಕ್ರಮೇಣ ನಡಿಗೆಯೇ ಕೆಡುತ್ತದೆ. ಬಿಳಿ ಉಗುರಿನಲ್ಲಿ ರಕ್ತನಾಳದ ಗುಲಾಬಿ ಭಾಗ ಕಾಣುತ್ತದೆ, ಅದರಿಂದ ಎರಡು ಮಿಲಿಮೀಟರ್ ಈಚೆಗೆ ನಿಲ್ಲಿಸಿದರಾಯಿತು. ಕಪ್ಪು ಉಗುರನ್ನು ಒಂದೊಂದು ಮಿಲಿಮೀಟರ್ ಬಿಲ್ಲೆಯಂತೆ ಕತ್ತರಿಸುತ್ತಾ ಕತ್ತರಿಸಿದ ಮುಖ ನೋಡುತ್ತಿರಿ. ಮೊದಲು ಒಣಗಿದ ಸುಣ್ಣದಂತೆ ಪುಡಿಪುಡಿ ಕಾಣುತ್ತದೆ. ನಡುವೆ ಒಂದು ನಯವಾದ ಗಾಢ ಚುಕ್ಕೆ ಕಂಡಲ್ಲಿ ನಿಲ್ಲಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಅಥವಾ ಪುಡಿ ಮಾಡಿದ ಪಟಿಕವನ್ನು ಉಗುರ ತುದಿಗೆ ಒತ್ತಿ ಐದು ನಿಮಿಷ ತೆಗೆಯದೆ ಹಿಡಿಯಿರಿ. ಆಗಾಗ ತೆಗೆದು ನಿಂತಿತೇ ಎಂದು ನೋಡಿದರೆ ನಿಲ್ಲುವುದೇ ಇಲ್ಲ. ಡ್ಯೂಕ್ಲಾ ನೆಲಕ್ಕೆ ತಾಗಿ ಸವೆಯುವುದಿಲ್ಲ, ಮರೆತರೆ ವೃತ್ತಾಕಾರವಾಗಿ ಬೆಳೆದು ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ. ಉದ್ದ ಕೂದಲ ನಾಯಿಗಳಲ್ಲಿ ಇದನ್ನು ಕೈಯಿಂದ ತಡವಿಯೇ ಹುಡುಕಬೇಕು.

ಕಾಲು ಮುಟ್ಟಿದರೆ ಗುರ್ ಎನ್ನುವ ನಾಯಿಗೆ ಒಂದು ವಾರ ನೀರೂ ಬೇಡ, ಕತ್ತರಿಯೂ ಬೇಡ. ಭುಜ ಸವರಿ ಒಂದು ತುಣುಕು ಬೇಯಿಸಿದ ಕೋಳಿ, ಮರುದಿನ ಮೊಣಕೈ ತನಕ, ಆಮೇಲೆ ಪಾದ, ಆಮೇಲೆ ಒಂದು ಬೆರಳನ್ನು ಒಂದು ಸೆಕೆಂಡ್ ಒತ್ತಿ ಬಿಡುವುದು. ಅದು ಕಾಲು ಹಿಂದೆಳೆದುಕೊಂಡರೆ ಬಿಟ್ಟುಬಿಡಿ, ಹಿಂದಿನ ದಿನದ ಹಂತಕ್ಕೆ ಮರಳಿ. ನೋವಿರುವ ಕಾಲು ಹಿಡಿದರೆ ಸಾಧು ನಾಯಿಯೂ ಕಚ್ಚುತ್ತದೆ, ಅದರ ತಪ್ಪಲ್ಲ. ಬೀದಿನಾಯಿಯ ಕಾಲಿನ ಗಾಯಕ್ಕೆ ಮನ ಕರಗಿ ಕೈ ಹಾಕುವವರು ಬಾಯಿಗೆ ಸಡಿಲ ಬಟ್ಟೆ ಪಟ್ಟಿ ಕಟ್ಟಿಯೇ ಮುಂದುವರಿಯಬೇಕು. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಬೇಕು.

ಒಣಗಿ ಬಿರಿದ ಮೆತ್ತೆಗೆ ಮನೆಯಲ್ಲೇ ಮುಲಾಮು ಮಾಡಬಹುದು. ಜೇನುಮೇಣ 20 ಗ್ರಾಂ, ಕೊಬ್ಬರಿ ಎಣ್ಣೆ 70 ಗ್ರಾಂ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು ಕರಗಿಸಿ ಆರಿಸಿದರಾಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಕರಗುವುದರಿಂದ ನಮ್ಮ ಸೆಖೆಯಲ್ಲಿ ಬರಿ ಎಣ್ಣೆ ನಿಲ್ಲುವುದಿಲ್ಲ, ಮೇಣ ಬೇಕೇ ಬೇಕು. ಸಣ್ಣ ಕಡಲೆಕಾಳಿನಷ್ಟನ್ನು ಒಂದು ಪಾದದ ಮೆತ್ತೆಗಳ ಮೇಲೆ ಮಾತ್ರ ಸವರಿ, ಸಂದಿಗೆ ಬೇಡ, ಅಲ್ಲಿ ಅದು ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ರಾತ್ರಿ ಮಲಗುವ ಮುನ್ನ, ವಾರಕ್ಕೆ ಎರಡು ಮೂರು ಸಲ. ದಿನವೂ ಹಚ್ಚಿ ಮೆತ್ತೆಯನ್ನು ಬೆಣ್ಣೆಯಂತೆ ಮಾಡಿದರೆ ಜಲ್ಲಿಯ ಮೇಲೆ ಬೇಗ ಹರಿಯುತ್ತದೆ. ಸ್ವಲ್ಪ ಒರಟಾಗಿರುವುದು ಅದರ ಧರ್ಮ. ನಾವು ಹಿಮ್ಮಡಿ ಬಿರುಕಿಗೆ ಹಚ್ಚುವ ಕ್ರೀಮುಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಕೆಲವು ಮುಲಾಮುಗಳಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಎರಡೂ ನಾಯಿಯ ಹೊಟ್ಟೆಗೆ ಕೆಟ್ಟದ್ದು. ಮೆತ್ತೆ ಅಂಚಿನಲ್ಲಿ ಮುಳ್ಳುಮುಳ್ಳಾಗಿ ಗಟ್ಟಿಯಾಗುತ್ತಿದ್ದು ಜೊತೆಗೆ ಜ್ವರ, ಕಣ್ಣಲ್ಲಿ ಪಿಸುರು ಇದ್ದರೆ ಅದು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇರಬಹುದು, ಮುಲಾಮಿಗೆ ಜಗ್ಗುವಂಥದ್ದಲ್ಲ.

ಗಾಜು ತುಳಿದು ಮೆತ್ತೆ ಸೀಳಿದರೆ ರಕ್ತ ಧಾರಾಳವಾಗಿ ಬರುತ್ತದೆ. ಶುಭ್ರ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿಯಿರಿ. ನಿಂತ ಮೇಲೆ ಉಪ್ಪುನೀರಿನಲ್ಲಿ ತೊಳೆಯಿರಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಮಮಟ್ಟದ ಒಂದೂವರೆ ಟೀ ಚಮಚ. ಅರಿಶಿನ ತುಂಬುವುದು ನಮ್ಮಲ್ಲಿ ರಕ್ತಗತ, ಆದರೆ ಅಡುಗೆ ಅರಿಶಿನ ಗಾಯದೊಳಗೆ ಗಟ್ಟಿ ಕಟ್ಟಿ ಕೊಳೆಯನ್ನು ಒಳಗೇ ಮುಚ್ಚುತ್ತದೆ, ಕೆಂಪಾಗಿದೆಯೇ ಕೀವಾಗಿದೆಯೇ ಎಂದು ನೋಡಲೂ ಬಿಡುವುದಿಲ್ಲ. ಬ್ಯಾಂಡೇಜ್ ಕಟ್ಟುವಾಗ ಮೊದಲು ಪ್ರತಿ ಬೆರಳ ನಡುವೆ ಮತ್ತು ಡ್ಯೂಕ್ಲಾ ಕೆಳಗೆ ತೆಳು ಹತ್ತಿ ಇಡಿ, ಗಾಯಕ್ಕೆ ಅಂಟದ ಗಾಜ್ ಹಾಕಿ, ಮೇಲೆ ಸುತ್ತಿ. ನಡುವಿನ ಎರಡು ಉಗುರುಗಳ ತುದಿ ಹೊರಗೆ ಕಾಣುವಂತಿರಲಿ. ಆ ಎರಡು ಉಗುರು ಒಂದರಿಂದೊಂದು ದೂರ ಸರಿದರೆ ಒಳಗೆ ಪಾದ ಊದುತ್ತಿದೆ ಎಂದರ್ಥ, ಕೂಡಲೇ ಬಿಚ್ಚಬೇಕು. ಹೊರಗೆ ಹೋಗುವಾಗ ಮಾತ್ರ ಪ್ಲಾಸ್ಟಿಕ್ ಚೀಲ ಕಟ್ಟಿ, ಬಂದ ತಕ್ಷಣ ತೆಗೆಯಿರಿ. ದಿನವಿಡೀ ಬಿಟ್ಟರೆ ಗಾಯ ಅದೇ ಬೆವರಿನಲ್ಲಿ ಬೇಯುತ್ತದೆ. ಒದ್ದೆಯಾದ ಬ್ಯಾಂಡೇಜ್ ಬ್ಯಾಂಡೇಜ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮೆತ್ತೆಯ ತುಂಡು ಜೋತಾಡುತ್ತಿದ್ದರೆ, ನಾಯಿ ಕಾಲು ಊರದಿದ್ದರೆ, ಹತ್ತು ಹದಿನೈದು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯದಲ್ಲಿ ಹುಳ ಕಂಡರೆ ಮನೆಮದ್ದಿನ ಹೊತ್ತು ಮುಗಿಯಿತು. ಹುಳ ಬಿದ್ದ ಗಾಯಕ್ಕೆ ಟರ್ಪಂಟೈನ್, ಸೀಮೆಎಣ್ಣೆ ಸುರಿಯುವುದು ಜೀವಂತ ಮಾಂಸವನ್ನು ಸುಡುವ ಕ್ರೌರ್ಯ.

ಮಳೆಗಾಲಕ್ಕೆ ಒರೆಸುವ ಬಟ್ಟೆಯ ಬಗ್ಗೆ ಒಂದು ಮಾತು ಉಳಿದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅರೆ ಒದ್ದೆಯ, ಮುಗ್ಗಲು ವಾಸನೆಯ ಬಟ್ಟೆಯಲ್ಲಿ ಒರೆಸಿದರೆ ನಿನ್ನೆಯ ಶಿಲೀಂಧ್ರವನ್ನು ಇವತ್ತಿನ ಸಂದಿಗೆ ಹಚ್ಚಿದಂತೆ. ಪಂಚೆಯಿಂದ ಎಂಟು ತುಂಡು ಹರಿದಿಟ್ಟುಕೊಳ್ಳಿ, ದಿನಕ್ಕೆ ಎರಡರಂತೆ ನಾಲ್ಕು ದಿನಕ್ಕೆ ಬರುತ್ತದೆ. ಬಳಸಿದ್ದನ್ನು ಬಿಸಿನೀರಿನಲ್ಲಿ ಒಗೆದು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿ, ಒಲೆಯಿಲ್ಲದ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯಿಂದ ಎರಡೂ ಬದಿ ಒಣಗಿಸಿ ಮಡಚಿಡಿ. ಮುಂಬಾಗಿಲ ಹಿಂದೆ ಒಂದು ಮೊಳೆ ಹೊಡೆದು, ಒಣಗಿದ ಎರಡು ತುಂಡು ಸದಾ ಅಲ್ಲಿ ಕೈಗೆ ಸಿಗುವಂತೆ ನೇತುಹಾಕಿ.